ಬರಿಗೈಯಲ್ಲಿ ಹಚ್ಚಿದ ಮುಲಾಮು

ಕುರನೂರಿನ ರೇವಮ್ಮ ಹೋದ ಮೇಲೆ, ಏನಾಗಿತ್ತು ಎಂದು ಕೇಳಿದವರಿಗೆಲ್ಲ "ಎದೆಯ ಕ್ಯಾನ್ಸರ್" ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಅಷ್ಟಕ್ಕೇ ಮುಗಿಯುವವಳಲ್ಲ ಅವಳು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ನಾಲ್ಕನೆಯ ಇಯತ್ತೆಗೇ ಬಿಟ್ಟು ಕುರಿಯ ಹಿಂದೆ ನಡೆದಳು. ನಾನು ಓದಿ ಅಕ್ಕಲಕೋಟೆಯಲ್ಲಿ ಶಿಕ್ಷಕಿಯಾದೆ. ಊರಿಗೆ ಹೋದಾಗ ಬಸ್ಸಿನಿಂದ ಇಳಿಯುವುದೇ ತಡ, ಹಿಂಡಿನ ನಡುವಿನಿಂದ "ಬಂದ್ಳು ನೋಡ್ರಿ ಪುಸ್ತಕದ ಹುಳ!" ಎಂದು ಕೂಗುತ್ತಿದ್ದಳು.

ಮೊಲೆ ತೆಗೆದ ಮೇಲೆ ಕೆಲಕಾಲ ಚೆನ್ನಾಗಿದ್ದಳು. ಆಮೇಲೆ ಹೊಲಿಗೆಯ ಗುಂಟ ಚರ್ಮದಲ್ಲೇ ಕೆಂಪು ಗಂಟುಗಳೆದ್ದು ಒಡೆಯತೊಡಗಿದವು. ಕೀಮೋ ಕೆಲಸ ಮಾಡಲಿಲ್ಲ. ಆಗ ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಹೊಸ ಮುಲಾಮಿನ ಪ್ರಯೋಗ ನಡೆದಿತ್ತು. ಅವಳಿಗೆ ಉಳಿದಿದ್ದ ಚಿಕಿತ್ಸೆ ಅದೊಂದೇ. ಗಾಯದ ಮೇಲಷ್ಟೇ, ಕೈಗವಸು ಹಾಕಿ ಹಚ್ಚಬೇಕು, ಬೇರೇನೂ ಸೋಕಬಾರದು ಎಂದು ಹೇಳಿ ನರ್ಸ್ ಸಾರಿಕಾ ಗವಸುಗಳ ಡಬ್ಬಿಯನ್ನೂ ಕೊಟ್ಟಳು.

ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ವಾಪಸು ಬರುವಾಗ ಬಸ್ಸಿನಲ್ಲಿ ನಾನು ಬಿಡಿಸಿ ಹೇಳಿದೆ. ಮೈಯ ಪ್ರತಿ ಜೀವಕೋಶಕ್ಕೂ ಕೊಬ್ಬಿನದೊಂದು ತೆಳು ಪೊರೆ. ಈ ಔಷಧವೂ ಕೊಬ್ಬಿನ ರೂಪದ್ದೇ ಆದ್ದರಿಂದ ಪೊರೆ ಅದನ್ನು ತನ್ನದೆಂದು ಒಳಗೆ ಸೇರಿಸಿಕೊಳ್ಳುತ್ತದೆ. ಒಳಗೆ ಸೇರಿದ್ದು ಪೊರೆಯನ್ನೇ ಕೆಡಿಸುತ್ತದೆ, ಕೋಶ ಸಾಯುತ್ತದೆ.

"ತಿಳೀತು ಬಿಡು," ಎಂದಳು. "ಸತ್ತ ಮರಿ ತೊಗಲು ತಬ್ಬಲಿ ಮರಿಗಿ ಹೊದಿಸ್ತೀವಲ್ಲ. ತಾಯಿ ಮೂಸಿ ನೋಡಿ, ನಂದೇ ಮರಿ ಅಂತ ಮೊಲಿ ಕೊಡ್ತದ. ಹಂಗ ಇದು. ಖರೆ, ಈ ಮರಿ ತಾಯಿನ್ನೇ ತಿಂತದ."

ಮೊದಮೊದಲು ಗಂಟುಗಳು ನಿಜಕ್ಕೂ ಬತ್ತಿದವು. ಮತ್ತೆ ಹಿಂಡಿನ ಜೊತೆ ಹೊಳೆಯ ದಂಡೆಯವರೆಗೆ ಹೋಗಿಬರತೊಡಗಿದಳು. ಆದರೆ ಮುಂದಿನ ತಪಾಸಣೆಗೆ ಹೋದಾಗ ಗಾಯದ ಸುತ್ತಲಿನ ಚರ್ಮ ಹಳದಿಯಾಗಿ, ಗುಳ್ಳೆಯೆದ್ದು ಸುಲಿದಿತ್ತು. ಅರಿಶಿನ ಯಾರು ಹಚ್ಚಿದರು ಎಂದು ಡಾಕ್ಟರು ಕೇಳಿದರು.

"ನಾನೇ ಹಚ್ಚೀನ್ರಿ," ಎಂದಳು ರೇವಮ್ಮ ತಡಮಾಡದೆ.

ಬಾಗಿಲ ಬಳಿ ಕೈ ಹಿಂದೆ ಕಟ್ಟಿ ನಿಂತಿದ್ದ ಅವಳ ಗಂಡ ಖಂಡಪ್ಪ ಮುಂದೆ ಬಂದು ಎರಡೂ ಅಂಗೈ ಚಾಚಿದ. ಬೆರಳ ತುದಿಗಳ ಚರ್ಮ ಕಿತ್ತು ಬಂದಿತ್ತು. "ಅಕಿ ಸುಳ್ಳ ಹೇಳ್ತಾಳ್ರಿ ಸಾಹೇಬ್ರ. ಹಚ್ಚಿದಾಂವ ನಾ. ನಮ್ಮ ದ್ಯಾವ್ರು ಬೀರೋಬನ ಭಂಡಾರದ ಅರಿಶಿನ ಮುಟ್ಟಿ, ಅದೇ ಕೈಲೆ ಹಚ್ಚೀನಿ."

"ಗವಸು?"

"ಕುರಿಗಿ ಉಣ್ಣಿ ಔಷಧ ಹಚ್ಚೋವಾಗ ಕೈಗಿ ರಬ್ಬರ್ ಚೀಲ ಹಾಕ್ಕೊಂಡು ಮುಟ್ತೀನ್ರಿ. ಹೆಂಡ್ತಿನ್ನ ಹಂಗ ಹ್ಯಾಂಗ ಮುಟ್ಲಿ?"

ಡಾಕ್ಟರು ಬಯ್ಯಲಿಲ್ಲ. ಚರ್ಮ ಸುಟ್ಟಿದ್ದು ಔಷಧದಿಂದಲೋ ಭಂಡಾರದಿಂದಲೋ ಇನ್ನು ಹೇಳಲಾಗದು, ನಿಯಮದ ಪ್ರಕಾರ ರೇವಮ್ಮನನ್ನು ಪ್ರಯೋಗದಿಂದ ಕೈಬಿಡಲೇಬೇಕು ಎಂದರು. ನಾನು ವಾದಿಸಿದೆ. ಉಪಯೋಗವಾಗಲಿಲ್ಲ.

ಹೊರಗೆ ಬೆಂಚಿನ ಮೇಲೆ ರೇವಮ್ಮ ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ಸಂತ್ಯಾಗ ಮುದಿ ಕುರಿ ಮಾರೋವಾಗ ಸುಳ್ಳ ಬರ್ತದ ನಿನಗ. ಇಲ್ಲಿ ಬಾಯಿ ಮುಚ್ಕೊಂಡು ನಿಲ್ಲಾಕ ಆಗ್ಲಿಲ್ಲ?"

"ನೀ ಬಯ್ಸಿಕೊಳ್ಳೋದು ನೋಡಾಕ ಆಗ್ಲಿಲ್ಲ."

"ಹುಚ್ಚ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಾಗೂ, ಹಸಿವ್ಯಾಗೇದ, ಏನರ ತಿನ್ನಿಸು" ಎಂದಳು. ಬಂದ ಭಜಿಯನ್ನು ಮುಟ್ಟಲಿಲ್ಲ.

ಗಂಟುಗಳು ತಿರುಗಿ ಎದ್ದವು. ಕೊನೆಗೆ ಎದೆಯಿಡೀ ಹುಣ್ಣಾಗಿ, ವಾಸನೆಗೆ ನೆರೆಯವರು ಬರುವುದನ್ನು ಬಿಟ್ಟರು. ದಿನವೂ ಗಾಯ ತೊಳೆಯುವವನು ಖಂಡಪ್ಪನೇ. ಈಗ ಒಂದರ ಮೇಲೊಂದು ಎರಡು ಗವಸು ಹಾಕಿಕೊಳ್ಳುತ್ತಿದ್ದ. "ಇನ್ಯಾಕ? ತೆಗಿ ಅದನ್ನ," ಎಂದು ಅವಳು ನನ್ನೆದುರೇ ಬೇಡಿಕೊಂಡಳು. ಅವನು ತೆಗೆಯಲಿಲ್ಲ. ತನ್ನ ಕೈಗೇ ಅವನು ಹೆದರಿದ್ದ.

ಆಷಾಢದ ಒಂದು ಬೆಳಿಗ್ಗೆ, ಕುರಿ ಹೊರಬಿಡುವ ಹೊತ್ತಿಗೆ ಹೋದಳು.

ಮುಲಾಮು ನಿಲ್ಲದಿದ್ದರೆ ಉಳಿಯುತ್ತಿದ್ದಳೆಂದು ಡಾಕ್ಟರು ಹೇಳಲಿಲ್ಲ. ನಾನು ಓದಿದಷ್ಟರಲ್ಲಿ, ಅಂಥ ಔಷಧ ಚರ್ಮದ ಗಂಟನ್ನು ಒಣಗಿಸೀತು, ಒಳಗಿನದನ್ನು ಮುಟ್ಟುವುದಿಲ್ಲ. ಇದನ್ನು ಖಂಡಪ್ಪನಿಗೆ ಹಲವು ಸಲ ಹೇಳಿದ್ದೇನೆ. ಪೂರ್ತಿ ಕೇಳುತ್ತಾನೆ. ಆಮೇಲೆ, "ನೀವು ಶಾಣ್ಯಾರದೀರಿ ಬಾಯೋರ. ಆದ್ರ ಕೊಂದಾಂವ ನಾನಽ" ಎನ್ನುತ್ತಾನೆ.