ಬಕೆಟ್ ಇಡುವ ಕಲ್ಲು

ಇಗರ್ಜಿಯ ಹಿಂಬಾಗಿಲಿನಿಂದ ಹನ್ನೊಂದು ಹೆಜ್ಜೆ ನಡೆದರೆ ಆ ಕಲ್ಲು. ಇಪ್ಪತ್ತಾರು ವರ್ಷದಿಂದ ಒರೆಸಕ್ಕ ತನ್ನ ನೀರಿನ ಬಕೆಟ್ಟನ್ನು ಅದರ ಮೇಲೇ ಇಡುತ್ತ ಬಂದಿದ್ದಳು. ಮೊಣಕಾಲೆತ್ತರದ ಚಪ್ಪಟೆ ಕಲ್ಲಾದ್ದರಿಂದ ಸೊಂಟ ಬಗ್ಗಿಸುವ ಕಷ್ಟ ತಪ್ಪುತ್ತಿತ್ತು. ತಂದೆತಾಯಿ ಇಟ್ಟ ಹೆಸರು ಅವಳಿಗೂ ಇತ್ತು. ಆದರೆ ಇಗರ್ಜಿಯ ನೆಲ, ಕಿಟಕಿ, ನಲವತ್ತು ಬೆಂಚುಗಳನ್ನು ಒರೆಸಿ ಒರೆಸಿ ಆ ಹೆಸರೂ ಒರೆಸಿಹೋಗಿತ್ತು.

ಬೆಂಚು ನಲವತ್ತಿದ್ದರೇನು, ಒದ್ದೆ ಬಟ್ಟೆಯಲ್ಲಿ ಕೂತರೆ ಪಾಲಿಶ್ ಕೆಡುತ್ತದೆಂದು ಅವಳಿಗೆ ಅಲ್ಲಿ ಕೂರುವ ಹಾಗಿರಲಿಲ್ಲ. ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದುದು ಈ ಕಲ್ಲಿನ ಮೇಲೆ. ಭಾನುವಾರ ಚಹಾದ ಕೆಟಲ್ ಬಂದು ಕೂರುತ್ತಿದ್ದುದೂ ಇದರ ಮೇಲೆ. ಪಾದ್ರಿಯ ನಿಲುವಂಗಿ ಒಣಗುತ್ತಿದ್ದುದು, ಗುಂಡಿ ತೋಡುವವನು ಬೇರೆ ಹೆಣದ ಪೆಟ್ಟಿಗೆಯನ್ನು ಒಂದು ಗಳಿಗೆ ಇಳಿಸಿ ಉಸಿರು ಬಿಡುತ್ತಿದ್ದುದು, ಎಲ್ಲ ಇಲ್ಲಿಯೇ. ಕೆಳಗೆ ಒಬ್ಬ ಹೆಂಗಸು ಮಲಗಿದ್ದಾಳೆಂಬುದು ಯಾರಿಗೂ ಮರೆತಿರಲಿಲ್ಲ. ಕಲ್ಲಿನ ಮೇಲೆ ಬರೆದೇ ಇತ್ತಲ್ಲ: "ದೊಡ್ಡಮನೆಯ ನಂಬಿಗಸ್ತ ಸೇವಕಿ. ಹೊರದೇಶದವಳು. ನಲವತ್ತೊಂದು ವರ್ಷದಲ್ಲಿ ಒಂದು ದಿನವೂ ರಜೆ ಕೇಳಲಿಲ್ಲ."

ಹೆಸರು ಮಾತ್ರ ಇರಲಿಲ್ಲ. ಪಕ್ಕದಲ್ಲೇ, ಕಬ್ಬಿಣದ ಬೇಲಿಯೊಳಗೆ, ದೊಡ್ಡಮನೆಯವರ ಕಲ್ಲುಗಳಿದ್ದವು. ಅವುಗಳ ಮೇಲೆ ಹೆಸರೇನು, ಬಿರುದೇನು, ಅವರು ಸಾಕಿದ್ದ ಕುದುರೆಯ ಹೆಸರೂ ಇತ್ತು.

ದೊಡ್ಡಮನೆಯ ಈಗಿನ ಯಜಮಾನರು ಹೊಸ ಕಾರು ಕೊಂಡರು. ಅದು ಎಷ್ಟು ಉದ್ದವಿತ್ತೆಂದರೆ ಇಗರ್ಜಿಯ ಹಿಂದೆ ತಿರುಗಿಸುವಾಗ ಹಿಂದಿನ ಚಕ್ರ ಕಲ್ಲಿಗೆ ತಾಗಿತು. ಮರುವಾರ ಬಾಗಿಲಿಗೆ ನೋಟಿಸು ಬಿತ್ತು: ವಾರಸುದಾರರಿಲ್ಲದ ಸಮಾಧಿಯನ್ನು ಮೂವತ್ತು ದಿನದಲ್ಲಿ ತೆರವು ಮಾಡಲಾಗುವುದು, ಸಂಬಂಧಿಕರಿದ್ದರೆ ಸಮಿತಿಯ ಮುಂದೆ ಹಾಜರಾಗತಕ್ಕದ್ದು.

ಒರೆಸಕ್ಕ ನೋಟಿಸಿನ ಸುತ್ತ ಧೂಳು ಒರೆಸುತ್ತ ಅದನ್ನು ಮೂರು ಸಲ ಓದಿದಳು. ಬಕೆಟ್ಟು ಎಲ್ಲಿಡಲಿ ಎಂಬ ಚಿಂತೆ ಮೊದಲು ಬಂತು, ಸುಳ್ಳು ಹೇಳಬಾರದು. ಆಮೇಲೆ ಬಂದದ್ದು ಬೇರೆ. ನಲವತ್ತೊಂದು ವರ್ಷ ದುಡಿದವಳನ್ನೇ ಕಾರಿಗೆ ಅಡ್ಡವೆಂದು ಎಬ್ಬಿಸುವವರು, ಇಪ್ಪತ್ತಾರು ವರ್ಷದವಳನ್ನು ಎಷ್ಟು ದಿನ ಮಲಗಲು ಬಿಟ್ಟಾರು?

ಸಮಿತಿಯ ಕಾರ್ಯದರ್ಶಿ ನಿವೃತ್ತ ಮೇಷ್ಟ್ರು. ಅವಳು ಹೋಗಿ ಕೇಳಿದ್ದಕ್ಕೆ ಅವರು ಕನ್ನಡಕದ ಮೇಲಿಂದ ನೋಡಿದರು.

"ಅವಳು ನಿನಗೇನಾಗಬೇಕು?"

"ಇನ್ನೂ ಗೊತ್ತಿಲ್ಲ ಮೇಷ್ಟ್ರೇ. ಹುಡುಕಿ ಹೇಳ್ತೀನಿ."

ಹುಡುಕಾಟ ಇಗರ್ಜಿಯ ಸಾವಿನ ಪುಸ್ತಕದಿಂದ ಶುರುವಾಯಿತು. ಪಾದ್ರಿ ಒಳ್ಳೆಯವರು, ಅಂದರೆ ಯಾವುದಕ್ಕೂ ಬೇಡ ಎನ್ನದವರು, ಯಾವುದಕ್ಕೂ ಬೇಕು ಎನ್ನದವರೂ ಹೌದು. ಪುಸ್ತಕ ತೆಗೆದುಕೊಟ್ಟರು. ಐವತ್ತನಾಲ್ಕು ವರ್ಷದ ಹಿಂದಿನ ಆ ಸಾಲು ಹೀಗಿತ್ತು: "ಹೆಂಗಸು ಒಂದು. ವಯಸ್ಸು ನೋಡಿದರೆ ಅರವತ್ತು. ಕಾಯಿಲೆ ಹೇಳಿಕೊಂಡಿಲ್ಲ."

ಅಲ್ಲಿಂದ ದೊಡ್ಡಮನೆಗೆ. ಅಲ್ಲಿ ಪಾತ್ರೆ ತೊಳೆಯುವವಳು ಒರೆಸಕ್ಕನ ಚಿಕ್ಕಮ್ಮನ ಮಗಳು. ಹಿಂದಿನ ಮೆಟ್ಟಿಲ ಕೆಳಗೆ ಆ ಸೇವಕಿ ಮಲಗುತ್ತಿದ್ದ ಕೋಣೆ ಇತ್ತು. ಈಗ ಅಲ್ಲಿ ಚಪ್ಪಲಿ, ಬೂಟುಗಳನ್ನು ಇಟ್ಟಿದ್ದರು. ಬೂಟುಗಳನ್ನು ಸರಿಸಿ ಒರೆಸಕ್ಕ ಅಳತೆಗೆಂದು ತಾನೇ ಮಲಗಿ ನೋಡಿದಳು. ಕಾಲು ಚಾಚಿದರೆ ಗೋಡೆ, ತಲೆ ಎತ್ತಿದರೆ ಮೆಟ್ಟಿಲು. ನಲವತ್ತೊಂದು ವರ್ಷ ಮಡಚಿಕೊಂಡು ಮಲಗಿದವಳಿಗೆ ಮೊದಲ ಸಲ ಕಾಲು ಚಾಚಲು ಸಿಕ್ಕಿದ್ದು ಸ್ಮಶಾನದಲ್ಲಿ, ಅದೂ ಈಗ ಕಾರಿಗೆ ಬೇಕಾಗಿತ್ತು.

ಉಳಿದ ಕತೆ ಇಸ್ತ್ರಿ ಅಜ್ಜಿಯ ಬಾಯಲ್ಲಿತ್ತು. ತೊಂಬತ್ತಮೂರರ ಆ ಮುದುಕಿ ಹುಡುಗಿಯಾಗಿದ್ದಾಗಿನಿಂದ ದೊಡ್ಡಮನೆಯ ಬಟ್ಟೆ ಇಸ್ತ್ರಿ ಮಾಡಿದವಳು. ಈಗ ಕಣ್ಣು ಕಾಣದಿದ್ದರೂ ಬಂದವರ ಬಟ್ಟೆ ಮುಟ್ಟಿ ನೋಡಿ, ಸುಕ್ಕಿದ್ದರೆ ಬೈಯುತ್ತಿದ್ದಳು. ಒರೆಸಕ್ಕನಿಗೂ ಬೈದು ಮುಗಿಸಿ ಹೇಳಿದಳು. ಈಗಿನ ಯಜಮಾನರ ತಾತ ಹೊರದೇಶಕ್ಕೆ ಹೋಗಿ ಬರುವಾಗ ಒಂದು ಜಮಖಾನೆ, ಒಂದು ಕನ್ನಡಿ ಬೀರು ಮತ್ತು ಆ ಹೆಂಗಸನ್ನು ತಂದರಂತೆ. ಹಡಗಿನಲ್ಲಿ ಕೂಸನ್ನು ಎತ್ತಿಕೊಳ್ಳಲು ಯಾರಾದರೂ ಬೇಕಿತ್ತು. ಮಗು ನಡೆಯಲು ಕಲಿತ ಕೂಡಲೇ ವಾಪಸು ಕಳಿಸುತ್ತೇವೆಂದು ಮಾತಾಗಿತ್ತು. ಮಗು ನಡೆಯಿತು, ಓಡಿತು, ಮದುವೆಯಾಯಿತು, ಅದಕ್ಕೂ ಮಗು ಹುಟ್ಟಿತು. ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಇನ್ನೊಂದು ಕೂಸು ನಡೆಯಬೇಕಾಗಿತ್ತು.

"ಹೆಸರೇನಂತೆ ಅಜ್ಜಿ?"

"ಹೆಸರು ಯಾರಿಗೆ ಬೇಕಾಗಿತ್ತೇ? ಗಂಟೆ ಒಂದು ಸಲ ಬಾರಿಸಿದ್ರೆ ಅಡುಗೆಯವನು, ಎರಡು ಸಲ ಗಾಡಿಯವನು, ಮೂರು ಸಲ ಅವಳು. ಮಣ್ಣು ಮಾಡೋ ದಿನ ಇಗರ್ಜಿ ಗಂಟೆ ಮೂರು ಸಲ ಬಾರಿಸ್ತು ನೋಡು, ಪೆಟ್ಟಿಗೆ ಹೊತ್ತೋರು ಹಾಗೇ ನಿಂತುಬಿಟ್ರು. ಎಲ್ಲಿ ಎದ್ದು 'ಬಂದೆ' ಅಂತಾಳೋ ಅಂತ."

ಅಜ್ಜಿ ತನ್ನ ಜೋಕಿಗೆ ತಾನೇ ಕೆಮ್ಮುವಷ್ಟು ನಕ್ಕಳು. ಮತ್ತೂ ಹೇಳಿದಳು. ಆ ಹೆಂಗಸು ನಮ್ಮ ಭಾಷೆ ಕಲಿತದ್ದು ಕಿವಿಗೆ ಬಿದ್ದದ್ದನ್ನು ಮಾತ್ರ. ಬಿದ್ದದ್ದೆಲ್ಲ ಅಪ್ಪಣೆ: ಬಾ, ತಾ, ಒರೆಸು, ಬೇಗ, ಇನ್ನೂ ಬೇಗ. ಹಾಗಾಗಿ ಅವಳೂ ಎಲ್ಲರಿಗೂ ಅಪ್ಪಣೆಯಲ್ಲೇ ಮಾತಾಡುತ್ತಿದ್ದಳು. ಯಜಮಾನಿತಿಗೆ ಊಟ ತಂದಿಟ್ಟು "ಬಾ, ಬೇಗ" ಎನ್ನುತ್ತಿದ್ದಳು. ಯಜಮಾನಿತಿ ನಲವತ್ತೊಂದು ವರ್ಷ ಸೊಕ್ಕಿನವಳೆಂದು ಬೈದರು, ಬೇರೆ ನಾಲ್ಕು ಮಾತು ಕಲಿಸೋಣವೆಂದು ಮಾತ್ರ ಹೊಳೆಯಲಿಲ್ಲ.

"ನಮಗೆ ಅವಳು ಮಾತು ಕಲಿಸ್ಲಿಲ್ಲ. ಕೈ ಕಲಿಸಿದ್ಲು," ಎಂದು ಅಜ್ಜಿ ಪಕ್ಕದಲ್ಲಿದ್ದ ಒದ್ದೆ ಬಟ್ಟೆಯನ್ನು ತಡಕಿ ಎತ್ತಿಕೊಂಡಳು. ಎಡಗೈ ಮೇಲೆ, ಬಲಗೈ ಕೆಳಗೆ, ಎಡಕ್ಕೆ ತಿರುಚಿ ಹಿಂಡಿ, ತೊಡೆಗೆ ಎರಡು ಸಲ ಬಡಿದಳು. "ಬಟ್ಟೆ ಒಗೆಯೋ ಜಾಗದಲ್ಲಿ ನನಗೆ, ನಿಮ್ಮಮ್ಮನಿಗೆ, ಎಲ್ಲರಿಗೂ ಹೇಳಿಕೊಟ್ಟೋಳು ಅವಳೇ."

ಒರೆಸಕ್ಕ ತನ್ನ ಕೈ ನೋಡಿಕೊಂಡಳು. ಮನೆಯಲ್ಲಿ ಸೊಸೆ ಬಂದ ದಿನದಿಂದ ಅದೇ ಗೇಲಿ ಮಾಡುತ್ತಿದ್ದಳು: "ಅತ್ತೆ, ನಿಮ್ಮೂರಲ್ಲಿ ಎಲ್ಲರೂ ಯಾಕೆ ಬಟ್ಟೇನ ಉಲ್ಟಾ ಹಿಂಡ್ತೀರಿ?" ಸೊಸೆ ಪಕ್ಕದೂರಿನವಳು. ಅಲ್ಲಿ ಹಾಗೆ ಹಿಂಡುವುದಿಲ್ಲ. ಆಚೆ ಊರಲ್ಲೂ ಇಲ್ಲ. ಈ ಊರಲ್ಲಿ ಮಾತ್ರ.

ಇಪ್ಪತ್ತೊಂಬತ್ತನೇ ದಿನ ಸಮಿತಿ ಕೂತಿತು. ಒರೆಸಕ್ಕ ಬಕೆಟ್ಟು, ಬಟ್ಟೆಗಳ ಸಮೇತ ಹಾಜರಾದಳು. ತನ್ನ ಕೈ ಆ ಹೆಂಗಸಿನ ಕೈ ಎಂದು ಹೇಳಿ, ಸಾಕ್ಷಿಗಾಗಿ ಹಿಂಡಿ ತೋರಿಸಿದಳು. ನೀರು ಮೇಷ್ಟ್ರ ಕಾಗದದ ಮೇಲೆ ಬಿತ್ತು. ಇದು ದಾಖಲೆಯಲ್ಲ, ಇದು ನೀರು ಎಂದರು ಮೇಷ್ಟ್ರು. ನಿಮ್ಮ ಮನೆಯವರನ್ನೂ ಕರೆಸಿ ಎಂದಳು ಅವಳು. ಚಹಾ ತಂದಿದ್ದ ಮೇಷ್ಟ್ರ ಹೆಂಡತಿ ಅಲ್ಲೇ ಇದ್ದರು. ಬಟ್ಟೆ ಕೊಟ್ಟರೆ ಅವರೂ ಎಡಕ್ಕೇ ಹಿಂಡಿ, ತೊಡೆಗೆ ಎರಡು ಬಡಿದರು. ಹಾಗಾದರೆ ಊರಿನ ಹೆಂಗಸರೆಲ್ಲ ಆಕೆಯ ಸಂಬಂಧಿಕರೇ ಆಗುತ್ತಾರೆ, ಅರ್ಜಿಯಲ್ಲಿ ಸಂಬಂಧಿಕರಿಗೆ ಇರುವುದು ಒಂದೇ ಸಾಲು ಎಂದು ಮೇಷ್ಟ್ರು ತಳ್ಳಿಹಾಕಿದರು.

ಆಗ ದೊಡ್ಡಮನೆಯ ಯಜಮಾನರು ಗಂಟಲು ಸರಿಮಾಡಿಕೊಂಡರು. ಆ ಹೆಂಗಸಿನ ಮೇಲೆ ತಮಗೂ ಗೌರವವಿದೆ, ಅವಳು ತಮ್ಮ ತಂದೆಯನ್ನು ಎತ್ತಿ ಬೆಳೆಸಿದವಳು, ಮನೆಯವಳ ಹಾಗೇ ಇದ್ದಳು ಎಂದರು.

"ಹಾಗಿದ್ರೆ ಆ ಸಾಲಲ್ಲಿ ನೀವೇ ಸಹಿ ಹಾಕಿ ಯಜಮಾನರೇ," ಎಂದಳು ಒರೆಸಕ್ಕ. "ನಿಮ್ಮ ಬೇಲಿಯೊಳಗೆ ಇನ್ನೊಂದು ಜಾಗ ಖಾಲಿ ಇದೆಯಲ್ಲ."

ಯಜಮಾನರ ಪೆನ್ನು ಜೇಬಿನಿಂದ ಅರ್ಧ ಹೊರಗೆ ಬಂದಿತ್ತು. ಅದು ಮತ್ತೆ ಒಳಗೆ ಹೋಯಿತು. 'ಮನೆಯವಳ ಹಾಗೆ' ಅಂದೆ, 'ಮನೆಯವಳೇ' ಅನ್ನಲಿಲ್ಲ ಎಂದರು. ಪಾದ್ರಿ ಕಿಟಕಿಯಾಚೆ ನೋಡಿದರು.

ಕಿಟಕಿಯಾಚೆ ಏಣಿ ಒರಗಿತ್ತು. ಒರೆಸಕ್ಕನೂ ಅದನ್ನು ನೋಡಿದಳು. ನಾಲ್ಕು ಮೆಟ್ಟಿಲು ಮುರಿದ ಆ ಏಣಿ ಹತ್ತೊಂಬತ್ತು ವರ್ಷದಿಂದ ಅಲ್ಲೇ ಇತ್ತು. ಸೌದೆಗೆ ಹಾಕೋಣವೆಂದು ಅವಳು ಕೇಳಿದಾಗಲೆಲ್ಲ ಮೇಷ್ಟ್ರು ಬಿಟ್ಟಿರಲಿಲ್ಲ. ಏಣಿ ಇಗರ್ಜಿಯ ಸಾಮಾನಿನ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿದ್ದದ್ದನ್ನು ತೆಗೆಯುವ ಹಾಗಿಲ್ಲ. ಅದು ಮೇಷ್ಟ್ರೇ ಬರೆದ ನಿಯಮ, ಅದರ ಮೇಲೆ ಅವರಿಗೆ ಸ್ವಂತ ಮಕ್ಕಳಿಗಿಂತ ಹೆಚ್ಚು ಅಭಿಮಾನ.

"ಮೇಷ್ಟ್ರೇ, ಸಮಾಧಿ ವಿಷಯ ಬಿಡಿ. ನನ್ನ ಬಕೆಟ್ ಇಡೋ ಕಲ್ಲು ಪಟ್ಟಿಯಲ್ಲಿ ಇದೆಯಾ?"

ಮೇಷ್ಟ್ರು ಗಾಬರಿಯಿಂದ ಪಟ್ಟಿ ತೆರೆದರು. ಇರಲಿಲ್ಲ. ಅವಳು ಒಂದೊಂದಾಗಿ ಹೇಳಿದಳು: ಬಕೆಟ್ಟು, ಕೆಟಲ್ಲು, ಪಾದ್ರಿಯ ನಿಲುವಂಗಿ, ಹೆಣದ ಪೆಟ್ಟಿಗೆ. ನಿತ್ಯ ಬಳಕೆಯಲ್ಲಿರುವ ವಸ್ತು ಇಷ್ಟು ವರ್ಷ ಪಟ್ಟಿಯಿಂದ ತಪ್ಪಿಹೋಗಿತ್ತೆಂಬ ಅವಮಾನಕ್ಕೆ ಮೇಷ್ಟ್ರ ಕಿವಿ ಕೆಂಪಾಯಿತು. ಯಜಮಾನರು ಕಾರಿನ ಮಾತೆತ್ತುವ ಮೊದಲೇ ಅವರು ಬರೆದುಬಿಟ್ಟರು: "ಕಲ್ಲು, ಬಕೆಟ್ ಇಡಲು. ಒಂದು. ಸ್ಥಿತಿ: ಉಪಯೋಗದಲ್ಲಿದೆ." ಪಾದ್ರಿ ಸಹಿ ಹಾಕಿದರು. ಯಾವುದಕ್ಕೂ ಬೇಡ ಎನ್ನದವರು ತಾನೆ.

ಮನುಷ್ಯಳಾಗಿ ಉಳಿಯಲಾರದವಳು ಸಾಮಾನಾಗಿ ಉಳಿದಳು. ಮನೆಗೆ ಹೋಗುವಾಗ ಒರೆಸಕ್ಕನಿಗೆ ಗೆದ್ದ ಖುಷಿಯೇನೂ ಇರಲಿಲ್ಲ. ಅವಳನ್ನು ತಾನೇ ಮತ್ತೆ ಕೆಲಸಕ್ಕೆ ಸೇರಿಸಿ ಬಂದ ಹಾಗಾಗಿತ್ತು.

ಮರುದಿನ ಅವಳು ಬಕೆಟ್ಟನ್ನು ನೆಲದ ಮೇಲೆ ಇಟ್ಟಳು. ಬಗ್ಗಿದಾಗ ಸೊಂಟ ಹಿಡಿಯಿತು, ಹಿಡಿಯಲಿ. ಕೆಟಲ್ಲಿಗೆ ಮೇಷ್ಟ್ರ ಮನೆಯಿಂದ ಮೇಜು ತರಿಸಿದಳು. ನಿಲುವಂಗಿಯನ್ನು ಒಣಗಿಸಿಕೊಳ್ಳುವುದು ಪಾದ್ರಿಯ ಪಾಲಿಗೆ ಬಂತು. ಕಾರು ಗೇಟಿನ ಹೊರಗೇ ನಿಲ್ಲತೊಡಗಿತು. ಪಟ್ಟಿಯ ತಪಾಸಣೆ ಆರು ತಿಂಗಳಿಗೊಮ್ಮೆ. ಆ ದಿನ ಮೇಷ್ಟ್ರು ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡು ಬರುವುದು ಕಂಡರೆ ಒರೆಸಕ್ಕ ಬಕೆಟ್ಟನ್ನು ಎತ್ತಿ, ಖಾಲಿ ಬಕೆಟ್ಟನ್ನೇ, ಕಲ್ಲಿನ ಮೇಲೆ ಮೆಲ್ಲಗೆ ಇಡುತ್ತಾಳೆ.

"ಐದು ನಿಮಿಷ ಕಣಮ್ಮ. ಇಗೋ, ಹೋಗಿಬಿಡ್ತಾರೆ."

ಮೇಷ್ಟ್ರು ಗುರುತು ಹಾಕಿ ಹೋಗುತ್ತಾರೆ. ವರ್ಷಕ್ಕೆ ಎರಡು ಸಲ ಐದೈದು ನಿಮಿಷದ ಕೆಲಸ, ಉಳಿದದ್ದೆಲ್ಲ ರಜೆ. ಬಕೆಟ್ಟಿನ ಗುರುತನ್ನು ಕಲ್ಲಿನ ಮೇಲಿಂದ ಒರೆಸಿ, ಬಟ್ಟೆಯನ್ನು ಎಡಕ್ಕೆ ಹಿಂಡಿ, ತೊಡೆಗೆ ಎರಡು ಸಲ ಬಡಿದು, ಅದನ್ನು ಒಣಹಾಕಲು ಅವಳು ಮುರಿದ ಏಣಿಯ ಕಡೆಗೆ ಹೋಗುತ್ತಾಳೆ. ಅದೂ ಪಟ್ಟಿಯಲ್ಲಿರುವುದೇ. ಹತ್ತೊಂಬತ್ತು ವರ್ಷ ಸುಮ್ಮನೆ ಒರಗಿಕೊಂಡಿತ್ತು, ಈಗ ಸ್ವಲ್ಪ ದುಡಿಯಲಿ.