ಕಸದ ಗಾಡಿಗೆ ಹಾಕದ ಚಿಪ್ಪುಗಳು

ಬೆಳಗಿನ ಆರು ನಲವತ್ತಕ್ಕೆ ಕೋಳಿಗೂಡಿನ ಬಾಗಿಲು ತೆಗೆದಾಗ ಹುಲ್ಲಿನ ಮೇಲೆ ಮೊಟ್ಟೆ ಇರಲಿಲ್ಲ, ಹಳದಿ ಅಂಟು ಮಾತ್ರ ಇತ್ತು. ಕೆಲಸಕ್ಕೆಂದು ಉಧ್ನಾಕ್ಕೆ ಹೋಗುವ ಬಸ್ಸಿಗೆ ತಡವಾಗುತ್ತಿದ್ದುದರಿಂದ ಗಡಿಯಾರ ನೋಡಿದ್ದು ನೆನಪಿದೆ. ಮುಂಗುಸಿ ಬಂದಿರಬೇಕು ಅಂದುಕೊಂಡೆ. ಸಂಜೆ ತಂತಿಬಲೆಯ ಸುತ್ತ ಬೆರಳಾಡಿಸಿ ನೋಡಿದೆ. ಎಲ್ಲೂ ತೂತಿರಲಿಲ್ಲ.

ಅಡಾಜಣ್ ಬಡಾವಣೆ ದಾಟಿ, ಹೊಲಗಳ ಅಂಚಿನಲ್ಲಿ ಹಿತ್ತಿಲಿರುವ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆ. ಉಧ್ನಾದ ಸೀರೆ ಕಾರ್ಖಾನೆಯ ಆಫೀಸಿನಲ್ಲಿ ದಿನವೆಲ್ಲ ಹಿಂದಿ. ನನ್ನ ಬಾಯಿಂದ ಕನ್ನಡ ಹೊರಬೀಳುತ್ತಿದ್ದುದು ಹಿತ್ತಿಲಿನ ಆರು ಕೋಳಿಗಳ ಮುಂದೆ. ಅದರಲ್ಲೂ ಒಂದು ಕಂದು ಕೋಳಿ, ನಾನು ಮಾತಾಡಿದರೆ ಕತ್ತು ಓರೆ ಮಾಡಿ ನಿಲ್ಲುತ್ತಿತ್ತು. ಯುಗಾದಿಗೆ ಊರಿಗೆ ಹೋಗಲಾಗದೆ ಉಳಿದಾಗ ಹೋಳಿಗೆಯ ಚೂರೊಂದನ್ನು ಅದಕ್ಕೇ ಕೊಟ್ಟಿದ್ದೆ.

ಪಕ್ಕದ ಮನೆಯಲ್ಲೇ ಇರುವ ಮಾಲಕಿ ಮೊಟ್ಟೆ ಮುಟ್ಟದವರು. ಕೋಳಿ ಸಾಕಲೇ ಎಂದು ಕೇಳಿದಾಗ, “ರಖೋ ಬೆನ್, ವಾಂಧೋ ನಹೀಂ. ಪರ್ ಕಚರೇ ಮೇಂ ಛಿಲ್ಕಾ ನಹೀಂ ದಿಖ್ನಾ ಚಾಹಿಯೇ” ಅಂದಿದ್ದರು. ಸಾಕಿ ತಂಗಿ, ಅಡ್ಡಿಯಿಲ್ಲ, ಕಸದಲ್ಲಿ ಚಿಪ್ಪು ಕಾಣಬಾರದು, ಅಷ್ಟೆ. ಕಸದ ಗಾಡಿ ಬಂದಾಗ ಇಡೀ ಸಾಲಿನವರು ಬುಟ್ಟಿ ಹಿಡಿದು ನಿಲ್ಲುತ್ತಾರೆ. ಹಾಗಾಗಿ ಚಿಪ್ಪುಗಳನ್ನು ಕೋಳಿಗಳಿಗೇ ಹಾಕುತ್ತಿದ್ದೆ. ಸುಣ್ಣದ ಅಂಶಕ್ಕೆ ಒಳ್ಳೆಯದೆಂದು ಓದಿಯೂ ಇದ್ದೆ. ಮೊಟ್ಟೆಗಳು ಒಡೆಯತೊಡಗಿದ ಮೇಲೆ, ಚಿಪ್ಪು ತೆಳುವಾಗಿರಬೇಕೆಂದು ಇನ್ನಷ್ಟು ಹಾಕಿದೆ.

ಒಂದು ಭಾನುವಾರ ಮಧ್ಯಾಹ್ನ ಕಂದು ಕೋಳಿ ಮೊಟ್ಟೆಯಿಡಲು ಕೂತಿತ್ತು. ಉಳಿದವು ಸುತ್ತ ನಿಂತಿದ್ದವು. ಕೋಳಿಗಳು ಅಷ್ಟು ಸದ್ದಿಲ್ಲದೆ ನಿಂತದ್ದನ್ನು ನಾನು ನೋಡಿರಲಿಲ್ಲ. ಮೊಟ್ಟೆ ಪೂರ್ತಿ ಹೊರಬರುವ ಮೊದಲೇ ಒಂದು ಕುಕ್ಕಿತು. ಕೊಕ್ಕು ಮೊಟ್ಟೆಗೂ ತಾಗಿತು, ಕೋಳಿಯ ಮೈಗೂ ತಾಗಿತು. ರಕ್ತ ಕಂಡದ್ದೇ ಐದೂ ಮುಗಿಬಿದ್ದವು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅದು ಕೂಗಿದ ಮೇಲೆ ಒಳನುಗ್ಗಿ ಎತ್ತಿಕೊಂಡೆ. ಬೆಳಿಗ್ಗೆ ಕಾಳು ಹಾಕಿದ ಕೈಯನ್ನೇ ಅವು ಕುಕ್ಕಿದವು.

ಗಾಯ ತೊಳೆದು, ಅರಿಸಿನ ಹಚ್ಚಿ, ಬಚ್ಚಲಮನೆಯಲ್ಲಿ ಬುಟ್ಟಿಯೊಳಗಿಟ್ಟೆ. ಹಾವೇರಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅವಳೂ ಕೋಳಿ ಸಾಕಿದವಳು.

“ಏನ್ ಹಾಕ್ತಿ ಅವಕ್ಕ?”

“ಜ್ವಾಳ, ನುಚ್ಚು, ತತ್ತಿ ಸಿಪ್ಪಿ.”

“ಸಿಪ್ಪಿ ಪುಡಿ ಮಾಡ್ತಿಯೋ, ಹಂಗ ಒಗೀತಿಯೋ?”

“ಹಂಗ.”

“ಲೋಳಿ ಹತ್ತಿದ್ದು, ಅರ್ಧ ತತ್ತಿಗತೆ ಕಾಣೂದು? ಎಲಿ ಹಾಕಿ ಬಡಿಸಿ, ಉಣಬ್ಯಾಡ್ರಿ ಅಂದ್ರ ಕೇಳ್ತಾವೇನ್ ತಂಗಿ?”

ನಗು ಬರಲಿಲ್ಲ. “ಇದು ಉಳೀತೈತೇನ್ ಅಕ್ಕ?”

“ನೀರ್ ಕುಡೀತಂದ್ರ ಉಳೀತೈತಿ. ಗಾಯ ಮಾಯೂತನಾ ಅವುಗಳ ಕಣ್ಣಿಗೆ ಬೀಳಿಸಬ್ಯಾಡ.”

ಸಂಜೆಗೆ ನೀರು ಕುಡಿಯಿತು. ಆದರೂ ಆ ರಾತ್ರಿಯಿಂದ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಸದ್ದಿಲ್ಲದೆ ನಿಂತ ಐದು ಕೋಳಿಗಳು. ಎದ್ದು ಹೋಗಿ ಬುಟ್ಟಿಯ ಮೇಲೆ ಕೈಯಿಟ್ಟು ಉಸಿರು ನೋಡಿ ಬರುತ್ತಿದ್ದೆ.

ಚಿಪ್ಪನ್ನು ಹುರಿದು, ಮೊಟ್ಟೆಯ ಗುರುತು ಸಿಗದಷ್ಟು ಪುಡಿ ಮಾಡಿದೆ. ಕಾರ್ಖಾನೆಯ ಸೀರೆ ತುಂಡುಗಳನ್ನು ತಂದು ಮೊಟ್ಟೆಯಿಡುವ ಪೆಟ್ಟಿಗೆಗೆ ಪರದೆ ಕಟ್ಟಿದೆ. ಒಳಗೆ ಕತ್ತಲಿದ್ದರೆ ಇಟ್ಟದ್ದು ಬೇರೆಯವಕ್ಕೆ ಕಾಣದು. ಬಿಳಿ ನುಣುಪುಗಲ್ಲೊಂದನ್ನೂ ಇಟ್ಟೆ. ಮೊಟ್ಟೆಯೆಂದು ಕುಕ್ಕಿ ಕುಕ್ಕಿ ಕೋಳಿಗಳು ಸೋತವು. ಗೋಡೆಯಾಚೆಯಿಂದ ಮಾಲಕಿ ನೋಡಿ, “ಬೆನ್, ಮುರ್ಗಿ ಕೋ ಭೀ ಸಾಡೀ ಪೆಹನಾ ದೀ ಕ್ಯಾ?” ಅಂದರು. ಕೋಳಿಗೂ ಸೀರೆ ಉಡಿಸಿದಿರಾ ಅಂತ.

ಗಾಯ ಪೂರ್ತಿ ಮಾಯ್ದ ಮೇಲೆ ಕಂದು ಕೋಳಿಯ ಬುಟ್ಟಿಯನ್ನು ಬಲೆಯ ಪಕ್ಕದಲ್ಲಿಟ್ಟೆ. ಒಂದನ್ನೊಂದು ನೋಡಿ ರೂಢಿಯಾಗಲೆಂದು. ಆಮೇಲೊಂದು ಮುಸ್ಸಂಜೆ, ಎಲ್ಲವೂ ಅಟ್ಟಣೆಯೇರಿ ತೂಕಡಿಸುವಾಗ ನಡುವೆ ಕೂರಿಸಿದೆ. ಬೆಳಕಾಗುವವರೆಗೂ ಎಚ್ಚರವಾಗಿದ್ದೆ. ಬೆಳಿಗ್ಗೆ ಒಂದು ಕೋಳಿ ಹತ್ತಿರ ಬಂದು ಅದನ್ನು ನೋಡಿತು, ನೆಲ ಕೆದಕಿ ಮುಂದೆ ಹೋಯಿತು.

ಕೆಲವು ವಾರ ಅದು ಮೊಟ್ಟೆಯಿಡಲಿಲ್ಲ. ಒಂದು ಭಾನುವಾರ ಪರದೆ ಸರಿಸಿ ಒಳಗೆ ಹೋಯಿತು. ಉಳಿದವು ದೂರದಲ್ಲಿ ಮಣ್ಣಲ್ಲಿ ಹೊರಳುತ್ತಿದ್ದವು. ಅದು ಹೊರಬಂದ ಮೇಲೆ ಕೈ ಹಾಕಿದೆ. ಕಲ್ಲಿನ ಪಕ್ಕದಲ್ಲಿ ಮೊಟ್ಟೆ, ಬೆಚ್ಚಗೆ, ಇಡಿಯಾಗಿ. “ನೋಡವ್ವಾ” ಅಂದೆ. ಅದು ಕತ್ತು ಓರೆ ಮಾಡಲಿಲ್ಲ. ದಿನಾ ಗಾಯ ತೊಳೆದು ಉರಿಸಿದ ಕೈಗೆ ಹೆದರಿ, ಉಳಿದ ಕೋಳಿಗಳ ನಡುವೆ ಸೇರಿಕೊಂಡಿತು.

ಆ ರಾತ್ರಿ ಮಲಗಿದವಳಿಗೆ ಎಚ್ಚರವಾದದ್ದು ಮಾಲಕಿ ಬಾಗಿಲು ಬಡಿದಾಗ. ಬಿಸಿಲು ಹಾಸಿಗೆಗೆ ಬಂದಿತ್ತು. ಹಿತ್ತಿಲಿನಲ್ಲಿ ಆರೂ ಕೋಳಿಗಳು ಹಸಿದು ಕೂಗಾಡುತ್ತಿದ್ದವು.