ನಮ್ಮ ಬೀದಿಯ ಮುಖ್ಯ ಅತಿಥಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲೂ ನನಗೆ ಒಂದೇ ಹೆಸರು: ಗ್ರಾಂಟ್ ಮೇಡಂ. ಅಪ್ಪ ಅವ್ವ ಇಟ್ಟ ಹೆಸರನ್ನು ಈಗ ಬ್ಯಾಂಕಿನವರು ಮಾತ್ರ ಕರೆಯುತ್ತಾರೆ, ಅದನ್ನೂ ತಪ್ಪು ತಪ್ಪಾಗಿ.

ಏನು ಕೆಲಸ ಅಂತ ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಹೇಳೋಕೆ ಕಷ್ಟವೇ. ಮೈಸೂರಿನಲ್ಲೊಂದು ಟ್ರಸ್ಟು. ಒಂದು ಬೀದಿಯ ಜನ ಒಟ್ಟು ಸೇರಿ ತಮ್ಮ ಬೀದಿಗೆ ಏನಾದರೂ ಮಾಡಿಕೊಳ್ಳುತ್ತೀವಿ ಅಂದರೆ ಸಣ್ಣದೊಂದು ಗ್ರಾಂಟು ಕೊಡುತ್ತದೆ. ಕಂಟ್ರಾಕ್ಟರು ಮೂಸಿಯೂ ನೋಡದಷ್ಟು ಸಣ್ಣದು. ದುಡ್ಡಿನ ಹಿಂದೆ ನನ್ನನ್ನೂ ಕಳಿಸುತ್ತಾರೆ. ಮೀಟಿಂಗ್ ನಡೆಸೋದು ಹೇಗೆ, ಇಬ್ಬರು ಮುನಿಸಿಕೊಂಡರೆ ಮತ್ತೆ ಮಾತಾಡಿಸೋದು ಹೇಗೆ, ಬಾಗಿಲು ಹಾಕಿಕೊಂಡು ಟೀವಿ ಮುಂದೆ ಕೂತವರನ್ನು ಬೀದಿಗೆ ತರೋದು ಹೇಗೆ ಅಂತ ಗುಂಪಿನವರ ಜೊತೆ ಕೂತು ಹೇಳಿಕೊಡೋದು ನನ್ನ ಪಾಲಿನದು. ಕಲ್ಲುಬೆಂಚು ಯಾರು ಬೇಕಾದರೂ ಹಾಕಿಸಬಹುದು. ಅದರ ಮೇಲೆ ಆ ಮನೆಯವರೂ ಈ ಮನೆಯವರೂ ಒಟ್ಟಿಗೆ ಕೂರಬೇಕಲ್ಲ, ಅಲ್ಲಿರೋದು ಕಷ್ಟ.

ಆ ಕಷ್ಟದ ಕೆಲಸ ನನಗೆ ಕೈಹತ್ತಿದ್ದು ಕೋಟೆ ತಾಲ್ಲೂಕಿನ ಹಂಪಾಪುರದಲ್ಲಿ, ಒಂದು ದಿನ ಚೆನ್ನಾಗಿ ಮುಖಭಂಗ ಆದ ಮೇಲೆ. ನೀರಿನ ಟ್ಯಾಂಕಿನ ಪಕ್ಕ ಹೊಂಗೆ ಗಿಡ ನೆಟ್ಟು ಕಟ್ಟೆ ಕಟ್ಟಿಸೋಣ ಅಂತ ಅಲ್ಲಿಯ ಒಂದು ಬೀದಿಯವರು ಮುಂದೆ ಬಂದಿದ್ದರು. ಮೊದಲ ಸಭೆಗೆ ನಾನೇ ಐಡಿಯಾ ಕೊಟ್ಟೆ. ಆಟೋಗೆ ಮೈಕು ಕಟ್ಟಿಸಿ ಕೂಗಿಸಿದೆವು, ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಚಿತ್ರ ಹಾಕಿ ಸ್ವಾಗತ ಕೋರಿದೆವು. ಶಾಮಿಯಾನ ಬಂತು, ಕುರ್ಚಿ ಬಂದವು, ಕಾಫಿ ಕ್ಯಾನು ಬಂತು. ಜನ ಬರಲಿಲ್ಲ. ಒಂದು ನಾಯಿ ಬಂದು ಶಾಮಿಯಾನದ ನೆರಳಲ್ಲಿ ಮಲಗಿತು, ಅಷ್ಟೇ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸೆರಗು ಸಿಕ್ಕಿಸಿಕೊಂಡು ಬೀದಿಗೆ ಹೋದೆ. ಹೆಂಗಸರೆಲ್ಲ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ!

“ಯಾಕ್ರಮ್ಮಾ, ಬೆಳಗ್ಗಿಂದ ಮೈಕಲ್ಲಿ ಕೂಗ್ತಿರೋದು ಕೇಳಿಸ್ಲಿಲ್ವಾ?”

“ಕೇಳುಸ್ತು ಕಣವ್ವ” ಅಂದಳು ಒಬ್ಬಳು. “ಮೈಕು ಊರ್ಗೆಲ್ಲಾ ಕೂಗ್ತದೆ. ನಮ್ಮನೆ ಬಾಗ್ಲಿಗೆ ಯಾರ್ ಬಂದಿದ್ರು?”

“ಕರೀದೆ ಎಂಗ್ ಬರಾದು? ನಮ್ಗೇನ್ ಮಾನ ಮರ್ವಾದೆ ಇಲ್ವಾ?” ಅಂತ ಎದುರು ಜಗಲಿಯಿಂದ ಇನ್ನೊಬ್ಬಳು. ಕಾಳು ಸುಲಿಯೋದನ್ನು ಯಾರೂ ನಿಲ್ಲಿಸಲಿಲ್ಲ.

ನಾನು ಹಳ್ಳಿಯಲ್ಲಿ ಹುಟ್ಟಿದವಳೇ. ಮದುವೆ, ನಾಮಕರಣ, ಗೃಹಪ್ರವೇಶ, ಯಾವುದಕ್ಕೂ ನಮ್ಮ ಕಡೆ ಪತ್ರಿಕೆ ಹಂಚಿದರೆ ಸಾಲದು. ಹೊಸ್ತಿಲಿಗೆ ಬಂದು, ಕುಂಕುಮ ಕೊಟ್ಟು, ‘ಮನೆಯೋರೆಲ್ಲ ಬರಬೇಕು’ ಅಂತ ಬಾಯಿಬಿಟ್ಟು ಹೇಳಬೇಕು. ಕರೆಯದ ಕಡೆ ಹೋದವರನ್ನು ಊಟದ ಎಲೆ ಮುಂದೆಯೂ ಜನ ಓರೆಗಣ್ಣಲ್ಲಿ ನೋಡುತ್ತಾರೆ. ಮೈಸೂರಿನ ಆಫೀಸಿನಲ್ಲಿ ಕೂತು ಕೂತು ನನಗೇ ಅದು ಮರೆತಿತ್ತು. ಮುಂದಿನ ವಾರ ಗುಂಪಿನ ಹೆಂಗಸರು ತಟ್ಟೆಯಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು ಮನೆ ಮನೆಗೆ ಹೋದರು. ಆಮೇಲೆ ಕುರ್ಚಿ ಸಾಲದೆ ಜನ ಟ್ಯಾಂಕಿನ ಮೆಟ್ಟಿಲ ಮೇಲೆ ಹತ್ತಿ ಕೂತರು.

ಹಾಗೆ ಕರೆಯೋಕೆ ಹೊರಟ ದಿನ ನಾನೂ ಅವರ ಜೊತೆ ಹೋಗಿದ್ದೆ. ಅವರು ಒಳಗೆ ಹೋದಾಗಲೆಲ್ಲ ನಾನು ಬೀದಿಯಲ್ಲೇ ನಿಂತೆ. ಬರಬೇಡಿ ಅಂತ ಯಾರೂ ಅನ್ನಲಿಲ್ಲ. ನನ್ನ ಯಜಮಾನರು ತೀರಿಹೋಗಿ ಆಗಲೇ ಕೆಲವು ವರ್ಷ ಆಗಿತ್ತು. ಹಣೆಗೆ ನಾನು ಸ್ಟಿಕ್ಕರ್ ಇಟ್ಟುಕೊಳ್ಳುತ್ತೇನೆ, ಬಳೆಯನ್ನೂ ಹಾಕುತ್ತೇನೆ, ಆದರೂ ಕುಂಕುಮದ ತಟ್ಟೆ ಹಿಡಿದ ಗುಂಪಿನಲ್ಲಿ ಎಲ್ಲಿ ನಿಲ್ಲಬೇಕು ಅಂತ ನನ್ನ ಕಾಲಿಗೇ ಗೊತ್ತಾಗಿಬಿಟ್ಟಿತು. ಬೇಜಾರಾಯಿತು. ಕೆಲಸ ಆಯಿತಲ್ಲ ಅಂತ ಸಮಾಧಾನ ಮಾಡಿಕೊಂಡು ಸಂಜೆ ಬಸ್ಸು ಹಿಡಿದೆ.

ಅಲ್ಲಿಂದ ಮುಂದೆ ಎಲ್ಲಿ ಹೋದರೂ ನನ್ನದು ಒಂದೇ ಪಾಠ: ಹೊಸ್ತಿಲಿಗೆ ಹೋಗಿ ಕರೀರಿ. ಸಾಲಿಗ್ರಾಮದಲ್ಲಿ ಹೊಳೆಯ ಮೆಟ್ಟಿಲು ತೊಳೆಯೋಕೆ ಗಂಡಸರೂ ಹೆಂಗಸರೂ ಪೊರಕೆ ಹಿಡಿದು ಬಂದದ್ದು ಹಾಗೆ ಕರೆದಿದ್ದಕ್ಕೆ. ಪಿರಿಯಾಪಟ್ಟಣದ ಒಂದು ಓಣಿಯಲ್ಲಿ ಗೋಡೆಗೆ ಗೋಡೆ ಅಂಟಿದ ಎರಡು ಮನೆಗಳು ಮಾತು ಬಿಟ್ಟಿದ್ದವು; ಒಬ್ಬಳು ಇನ್ನೊಬ್ಬಳ ಬಾಗಿಲಿಗೆ ಹೋಗಿ ‘ಬಾಕ್ಕ’ ಅಂದಾಗ ಆಕೆ ಅಳುತ್ತಾ ಎದ್ದು ಬಂದಳು. ನಾನು ಬಾಗಿಲ ಹೊರಗೆ ನಿಂತು ನೋಡುತ್ತಿದ್ದೆ. ನನ್ನ ಕೆಲಸವೇ ಹೊರಗೆ ನಿಂತು ನೋಡೋದು.

ಸಂಜೆ ಆದರೆ ಹುಣಸೂರು. ಲಕ್ಷ್ಮಣತೀರ್ಥದ ಕಡೆಗೆ ಇಳಿಯುವ ಒಂದು ಬೀದಿಯಲ್ಲಿ, ತಂಬಾಕು ವ್ಯಾಪಾರದವರ ಮನೆಯ ಮಹಡಿ ಮೇಲೆ ನನ್ನ ಬಾಡಿಗೆ ಮನೆ. ಮಕ್ಕಳಿಲ್ಲ. ಒಬ್ಬಳಿಗೇ ಹಿಟ್ಟು ತೊಳಸೋದು ದೊಡ್ಡ ರಗಳೆ ಕಣ್ರೀ. ಒಂದು ಮುದ್ದೆಗಾಗುವಷ್ಟು ಹಿಟ್ಟು ಪಾತ್ರೆಯ ತಳದಲ್ಲೇ ಅಂಟಿಕೊಳ್ಳುತ್ತದೆ, ಕೋಲಿಗೂ ಸಿಗಲ್ಲ. ಹಾಗಾಗಿ ಎರಡು ಮುದ್ದೆಗೆ ಇಡುತ್ತೇನೆ, ಇನ್ನೊಂದನ್ನು ಬೆಳಗ್ಗೆ ಮಜ್ಜಿಗೆಗೆ ಕಲಸಿ ಕುಡಿದು ಬಸ್‌ಸ್ಟ್ಯಾಂಡಿಗೆ ಓಡುತ್ತೇನೆ. ಪಿರಿಯಾಪಟ್ಟಣದ ಆ ಓಣಿಯ ಅತ್ತೆ ಸೊಸೆಯರ ಜಗಳವೆಲ್ಲ ನನಗೆ ಬಾಯಿಪಾಠ. ನನ್ನ ಎದುರು ಮನೆಯ ಮಗುವಿನ ಹೆಸರು ಗೊತ್ತಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ.

ಹೋದ ವರ್ಷ ನಮ್ಮ ಬೀದಿಯವರೇ ಗ್ರಾಂಟಿಗೆ ಅರ್ಜಿ ಹಾಕಿದರು. ಟ್ರಾನ್ಸ್‌ಫಾರ್ಮರಿನಿಂದ ಈಚೆಗೆ ಕಸ ಸುರಿಯುವ ಒಂದು ಮೂಲೆ ಇದೆ. ಅದನ್ನು ಸಾಫು ಮಾಡಿ ಸಂಜೆ ಹೊತ್ತು ಕೂರುವ ಜಾಗ ಮಾಡಬೇಕು ಅಂತ. ಮುಂದೆ ನಿಂತವಳು ಬೀದಿಯ ಆ ತುದಿಯ ಮನೆಯ ಸೊಸೆ, ಚುರುಕು ಹುಡುಗಿ. ಸ್ವಂತ ಬೀದಿಯ ಕೆಲಸವನ್ನು ನಾವೇ ನೋಡಿಕೊಳ್ಳಬಾರದು ಅಂತ ಟ್ರಸ್ಟಿನಲ್ಲಿ ನಿಯಮ. ಹಾಗಾಗಿ ಮೈಸೂರಿನಿಂದ ಬೇರೊಬ್ಬರು ಬಂದು ಅವರಿಗೆ ಹೇಳಿಕೊಟ್ಟು ಹೋಗುತ್ತಿದ್ದರು. ಹೇಳಿಕೊಟ್ಟದ್ದು ನನ್ನ ಪಾಠವನ್ನೇ.

ನನಗೋ ಒಳಗೊಳಗೇ ಖುಷಿ. ಈ ಒಂದು ಕಡೆ ನಾನು ಮೇಡಂ ಅಲ್ಲ, ಬೀದಿಯ ಒಂದು ಮನೆಯವಳು. ತಟ್ಟೆ ಹಿಡಿದು ನನ್ನ ಹೊಸ್ತಿಲಿಗೂ ಬರುತ್ತಾರೆ, ‘ಬರಬೇಕು’ ಅನ್ನುತ್ತಾರೆ, ನಾನು ಹೋಗಿ ಅವರ ನಡುವೆ ಕೂರುತ್ತೇನೆ. ಇಷ್ಟು ವಯಸ್ಸಾದವಳಿಗೆ ಇದೂ ಒಂದು ಆಸೆಯಾ ಅಂತ ನೀವು ನಗಬಹುದು. ನಗಿ. ನನಗೆ ಅದು ಬೇಕಾಗಿತ್ತು.

ಮೂಲೆಯ ಕೆಲಸ ಮುಗಿಯಿತು, ಭಾನುವಾರ ಉದ್ಘಾಟನೆ, ಶುಕ್ರವಾರ ಸಂಜೆ ಕರೆಯೋಕೆ ಬರುತ್ತಾರೆ ಅಂತ ಗೊತ್ತಾಯಿತು. ಅವತ್ತು ಕೆ.ಆರ್. ನಗರದ ಮೀಟಿಂಗು ಮುಗಿಯುವ ಮೊದಲೇ ತಲೆನೋವು ಅಂತ ಸುಳ್ಳು ಹೇಳಿ ಎದ್ದು ಬಂದೆ. ದಾರಿಯಲ್ಲಿ ಬೇಕರಿಯಿಂದ ನಿಪ್ಪಟ್ಟು ತಂದೆ. ಮುಖ ತೊಳೆದು, ಮಡಿಚಿಟ್ಟ ಸೀರೆ ಉಟ್ಟು, ಡಿಕಾಕ್ಷನ್ ಇಳಿಸಿ, ಬಾಗಿಲು ತೆರೆದು ಕೂತೆ. ಎದುರು ಮನೆಯಲ್ಲಿ ಅವರ ದನಿ ಕೇಳಿಸಿತು. ಆಮೇಲೆ ಪಕ್ಕದ ಮನೆಯಲ್ಲಿ. ಆಮೇಲೆ ಕೆಳಗೆ. ನಮ್ಮ ಮನೆಯೊಡತಿಗೆ ಕುಂಕುಮ ಕೊಟ್ಟರು, ನಕ್ಕರು, ಮೆಟ್ಟಿಲ ಹತ್ತಿರ ಬಂದು ನಿಂತರು.

“ಮ್ಯಾಲಕ್ಕೆ?” ಅಂದಳು ಯಾರೋ.

“ಮ್ಯಾಲೆ ಮೇಡಮ್ಮೋರು ಕಣೇ. ಕುಂಕುಮದ ತಟ್ಟೆ ಹಿಡ್ಕಂಡು ಎಂಗೆ ಓಗಾದು? ಪಾಪ, ಅವ್ರು ನೊಂದ್ಕತಾರೆ.” ಅದು ಆ ಸೊಸೆ ಹುಡುಗಿಯ ದನಿ.

“ಅಂಗಾರೆ ಬುಡು.”

ಚಪ್ಪಲಿ ಸದ್ದು ಮುಂದಿನ ಮನೆಗೆ ಹೋಯಿತು. ಆ ಹುಡುಗಿಯ ದನಿಯಲ್ಲಿ ಒಂದಿಷ್ಟೂ ಕೆಟ್ಟದಿರಲಿಲ್ಲ. ನನಗೆ ನೋವಾಗಬಾರದು ಅಂತಲೇ ಬಿಟ್ಟು ಹೋದರು. ಅದಕ್ಕೇ ನನಗೆ ಇನ್ನೂ ಉರಿಯಿತು. ಥೂ, ನೊಂದ್ಕತೀನೋ ಬಿಡ್ತೀನೋ ಹತ್ತಿ ಬಂದು ಕೇಳಬಾರದಾ! ಎದ್ದು ಬಾಗಿಲು ಹಾಕಿದೆ. ಡಿಕಾಕ್ಷನ್ ಸಿಂಕಿಗೆ ಸುರಿದೆ. ಆಮೇಲೆ ಅಡುಗೆಮನೆಯಲ್ಲೇ ನಿಂತು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಮಾರನೆ ದಿನ ಬೆಳಗ್ಗೆ ಅವರು ಬಂದರು. ಸೊಸೆ ಮತ್ತೆ ಇನ್ನಿಬ್ಬರು. ಕೈಯಲ್ಲಿ ತಟ್ಟೆಯಿಲ್ಲ, ಬಣ್ಣದ ಆಹ್ವಾನ ಪತ್ರಿಕೆ. ಚಪ್ಪಲಿಯನ್ನು ಕೆಳಗಿನ ಮೆಟ್ಟಿಲಲ್ಲೇ ಬಿಟ್ಟು, ಬಾಗಿಲಲ್ಲಿ ಕೈಕಟ್ಟಿ ನಿಂತರು.

“ಮೇಡಂ, ನಾಳೆ ನೀವೇ ಮುಖ್ಯ ಅತಿಥಿಗಳು.”

ನಾನು ಪತ್ರಿಕೆ ತೆಗೆದುಕೊಳ್ಳಲಿಲ್ಲ. “ನಿನ್ನೆ ಎಲ್ಲಾ ಮನೆಗೂ ಹೋಗಿ ಕರುದ್ರಲ್ಲಮ್ಮ. ನನ್ನನ್ನ ಯಾಕೆ ಕರೀಲಿಲ್ಲ?”

ಹುಡುಗಿಯ ಮುಖ ಕೆಂಪಾಯಿತು. “ಅಯ್ಯೋ, ನಿಮ್ಮನ್ನ ಎಲ್ಲಾರ್ ಜೊತೆ ಅಂಗೆ ಕರಿಯಾಕಾಯ್ತದಾ ಮೇಡಂ? ನೀವು ದೊಡ್ಡೋರು.”

“ನಾನೂ ಈ ಬೀದಿಯೋಳೇ ಕಣಮ್ಮ” ಅಂದೆ. ಮೂವರೂ ನಕ್ಕರು. ದೊಡ್ಡವರು ವಿನಯದಿಂದ ಏನೋ ಅಂದಾಗ ನಗುತ್ತಾರಲ್ಲ, ಆ ನಗು. ಒಳಗೆ ಬನ್ನಿ, ಕಾಫಿ ಕುಡಿಯಿರಿ ಅಂದೆ. “ಇನ್ನೊಂದ್ ದಪ ಬತ್ತೀವಿ ಮೇಡಂ, ನಿಮ್ಗ್ಯಾಕೆ ತೊಂದ್ರೆ” ಅಂದು ಇಳಿದು ಹೋದರು. ಪತ್ರಿಕೆ ಕಿಟಕಿಯ ಹಲಗೆ ಮೇಲೆ ಇಟ್ಟಿದ್ದರು.

ಹೋಗೋದೇ ಬೇಡ ಅಂತ ಹಟ ಹಿಡಿದೆ. ಭಾನುವಾರ ಸಂಜೆ ಮೈಕಿನಲ್ಲಿ ಹಾಡು ಶುರುವಾಯಿತು, ಹೆಂಗಸರು ಮಕ್ಕಳು ಮನೆ ಮನೆಯಿಂದ ಹೊರಟರು, ಬೀದಿಯೆಲ್ಲ ಮಲ್ಲಿಗೆ ವಾಸನೆ. ಮಹಡಿಯಲ್ಲಿ ಒಬ್ಬಳೇ ಕೂರೋಕೆ ಆಗಲಿಲ್ಲ. ಹೋದೆ.

ಮೂಲೆ ಗುರುತೇ ಸಿಗದಷ್ಟು ಚೆಂದ ಆಗಿತ್ತು. ನೆಲಕ್ಕೆ ಕಲ್ಲು ಹಾಸಿದ್ದರು, ಗೋಡೆಗೆ ಸುಣ್ಣ ಬಳಿದಿದ್ದರು. ನನ್ನನ್ನು ಕೈಹಿಡಿದು ವೇದಿಕೆಗೆ ಹತ್ತಿಸಿ ಸೋಫಾದಲ್ಲಿ ಕೂರಿಸಿದರು. ಪಕ್ಕದ ಜಾಗ ಪುರಸಭೆಯವರಿಗೆ ಅಂತ ಇಟ್ಟದ್ದು. ಅವರು ಬರಲೇ ಇಲ್ಲ. ಮೈಕಿನ ಮುಂದೆ ಒಬ್ಬ ಮೇಷ್ಟ್ರು ಬರೆದುಕೊಂಡು ಬಂದದ್ದನ್ನು ಓದಿದರು: “ತಮ್ಮ ಅಮೂಲ್ಯ ಸಮಯವನ್ನು ಬಿಡುವು ಮಾಡಿಕೊಂಡು ದೂರದಿಂದ ಆಗಮಿಸಿರುವ ಮುಖ್ಯ ಅತಿಥಿಗಳೇ...” ದೂರದಿಂದ! ಅಲ್ಲಿಂದಲೇ ನನ್ನ ಒಗೆದ ಬಟ್ಟೆ ಒಣಗುತ್ತಿದ್ದದ್ದು ಕಾಣುತ್ತಿತ್ತು. ಯಾರಿಗೂ ಅದು ತಮಾಷೆ ಅನ್ನಿಸಲಿಲ್ಲ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ಚಪ್ಪಾಳೆ ತಟ್ಟಿದರು.

ಕೆಳಗೆ ಜಮಖಾನ ಹಾಸಿತ್ತು. ನಮ್ಮ ಬೀದಿಯ ಹೆಂಗಸರು ಅದರ ಮೇಲೆ ಮಂಡಿಗೆ ಮಂಡಿ ತಾಗಿಸಿಕೊಂಡು ಕೂತಿದ್ದರು. ಒಬ್ಬಳ ಮಗು ಇನ್ನೊಬ್ಬಳ ತೊಡೆ ಮೇಲೆ. ಭಾಷಣದ ನಡುವೆ ಯಾರೋ ಏನೋ ಪಿಸುಗುಟ್ಟಿದರು, ಸಾಲಿಗೆ ಸಾಲೇ ಬಾಯಿಗೆ ಸೆರಗು ಹಿಡಿದು ನಕ್ಕಿತು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಕೇಳಿಸಬೇಕಿತ್ತು ಅಂತ ಎಷ್ಟು ಅನ್ನಿಸಿತು ಅಂದರೆ, ಇನ್ನು ಅಲ್ಲಿ ಕೂರಲಾರದೆ ಹಾರ ತೆಗೆದೆ, ಶಾಲು ಮಡಿಚಿ ಸೋಫಾ ಮೇಲಿಟ್ಟೆ, ವೇದಿಕೆ ಇಳಿದೆ. ಜಮಖಾನದ ಅಂಚಿನಲ್ಲಿ, ನಮ್ಮ ಮನೆಯೊಡತಿಯ ಪಕ್ಕ ಒಂದು ಚೂರು ಜಾಗವಿತ್ತು. ಅಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ.

“ಅಯ್ಯಯ್ಯೋ ಮೇಡಂ! ನೆಲದ್ ಮ್ಯಾಲೆ ಕೂರ್ಬ್ಯಾಡಿ!” ಅಂತ ಮನೆಯೊಡತಿ ಗಾಬರಿಯಿಂದ ಎದ್ದರು. ಅವರು ಎದ್ದದ್ದು ನೋಡಿ ಪಕ್ಕದವಳು ಎದ್ದಳು. “ಕುರ್ಚಿ ತಕ್ಕಂಬರ್ರೋ” ಅಂತ ಯಾರೋ ಕೂಗಿದರು. ಮಗುವನ್ನು ಕಂಕುಳಿಗೆ ಎತ್ತಿಕೊಂಡು ಸಾಲು ಸಾಲೇ ಎದ್ದಿತು. ಹಿಂದಿನವರು ಯಾಕೆ ಅಂತ ತಿಳಿಯದೆ ಅವರೂ ಎದ್ದರು. ಕೂತ್ಕಳ್ರಮ್ಮ, ಕೂತ್ಕಳಿ ಅಂತ ನಾನು ಒಬ್ಬೊಬ್ಬರ ಸೆರಗು ಹಿಡಿದು ಬೇಡುತ್ತಿದ್ದೆ. ಮರ್ಯಾದೆ ಗೊತ್ತಿದ್ದ ಜನ, ಒಬ್ಬರೂ ಕೂರಲಿಲ್ಲ. ಇಡೀ ಬೀದಿ ಎದ್ದು ನಿಂತಿತ್ತು, ಜಮಖಾನದ ಮೇಲೆ ನಾನೊಬ್ಬಳೇ ಕೂತಿದ್ದೆ.